ಸದಾಶಿವಯ್ಯ ಎಸೆಯದ ರಾಜ

ಶಕುಂತಲಮ್ಮ ಇಸ್ಪೀಟು ಕಟ್ಟನ್ನು ಗಂಡನ ಮಡಿಲಲ್ಲಿಟ್ಟು ಮೇಲೆ ಬಿಲ್ವಪತ್ರೆ ಹರಡಿದರು. ಹಣೆ ತುಂಬ ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿದ್ದ ಅಡವಿಯಪ್ಪ, ಎದುರಿನವರು ಇಸ್ಪೀಟೆಲೆ ಇಳಿಸಲೆಂದು ಕಾಯುತ್ತಿರುವ ಹಾಗೇ ಕಾಣುತ್ತಿದ್ದರು.

"ಏನತ್ತೆ ಅದು?" ಸೊಸೆ ರೂಪಶ್ರೀ ಪಿಸುಗುಟ್ಟಿದಳು.

"ಅವರ್ ಜೊತೇಲೇ ಮಣ್ಣಿಗೆ ಹೋಗ್ಲಿ ಬುಡು. ಇನ್ ಯಾರವ್ರೆ ಆಡೋರು?"

ಆಡುವವರು ಅಲ್ಲೇ ಇದ್ದರು. ಬಲಗಡೆ ಗೋಡೆಗೆ ಕುಣಿಗಲ್ಲಿನಿಂದ ಬಂದ ಅಡವಿಯಪ್ಪನವರ ಅಣ್ಣ ಚನ್ನವೀರಯ್ಯ, ಎಡಗಡೆ ಗೋಡೆಗೆ ಗುಬ್ಬಿಯಿಂದ ಬಂದ ಗೆಳೆಯ ಸದಾಶಿವಯ್ಯ. ಭಾನುವಾರ ಬಂತೆಂದರೆ ಶಿರಾ ಗೇಟಿನ ಈ ಮನೆಯಲ್ಲಿ ಗಂಡ-ಹೆಂಡತಿಯ ಎದುರು ಜೋಡಿಯಾಗಿ ಬ್ರಿಜ್ ಆಡುತ್ತಿದ್ದವರು, ಯುಗಾದಿಯಿಂದ ಮಾತು ಬಿಟ್ಟಿದ್ದರು. ಸಾವಿನ ಮನೆಯಲ್ಲೂ ಮಾತೆಲ್ಲ ಅಡವಿಯಪ್ಪನವರ ಮಗ ಚನ್ನೇಶನ ಮೂಲಕವೇ.

"ಚನ್ನೇಶ, ಗಾಡಿ ಎಷ್ಟೊತ್ತಿಗೆ ಹೊರಡ್ತದೆ ಅಂತ ಅವ್ರನ್ನ ಕೇಳು."

"ಹೂವು ಬಂದ್ಮೇಲೆ ಅಂತ ಅವ್ರಿಗೆ ಹೇಳಪ್ಪ."

ಕೋರ ಹಳ್ಳಿಯ ತೋಟದಲ್ಲಿ ಮಣ್ಣು ಮಾಡಿದ ಮೇಲೆ ಒಬ್ಬರು ಕುಣಿಗಲ್ ಬಸ್ಸು ಹತ್ತುತ್ತಾರೆ, ಇನ್ನೊಬ್ಬರು ಗುಬ್ಬಿ ಬಸ್ಸು. ಮತ್ತೆ ಇವರನ್ನು ಒಂದೇ ಸೂರಿನಡಿ ಕೂರಿಸಲು ಯಾವ ನೆಪವೂ ಸಿಗುವುದಿಲ್ಲ. ಗಂಡ ಹೋದ ಸಂಕಟದ ಮೇಲೆ ಶಕುಂತಲಮ್ಮನಿಗೆ ಇದೊಂದು ಸೇರಿಕೊಂಡಿತ್ತು.

*

ಅಡವಿಯಪ್ಪ ಕರೆಂಟ್ ಆಫೀಸಿನ ಗುಮಾಸ್ತ. ಬಡ್ತಿಗಾಗಿ ಯಾರ ಕಾಲೂ ಹಿಡಿದವರಲ್ಲ. ಇದ್ದ ಚಟ ಬ್ರಿಜ್ ಒಂದೇ. ನಾಲ್ಕನೆಯವನಿಗೆ ವರ್ಗವಾಗಿ ಆಟ ನಿಂತುಹೋದಾಗ, ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿಯನ್ನೇ ಕರೆದು ತಮ್ಮ ಜೋಡಿಯಾಗಿ ಎದುರಿಗೆ ಕೂರಿಸಿಕೊಂಡರು.

"ಎದುರಾಳಿ ತಪ್ಪಿಸ್ಕೊಳ್ಳೋ ದಾರೀನೆಲ್ಲಾ ಒಂದೊಂದಾಗಿ ಮುಚ್ಚು," ಎಂದು ಹೇಳಿಕೊಟ್ಟಿದ್ದರು. "ಆಮೇಲೆ ನೀನಾಗೇ ಒಂದ್ ಸುತ್ತು ಬಿಟ್ಕೊಡು. ಗೆದ್ದೋನೇ ಮುಂದಿನ ಎಲೆ ಇಳೀಬೇಕಲ್ಲ? ಯಾವ್ದು ಇಳಿದ್ರೂ ಲಾಭ ನಮ್ದೇ ಕಣೇ."

ಯುಗಾದಿಯ ಆ ಭಾನುವಾರವೂ ಹಾಗೇ ಆಡಿದರು. ತುರುಪು ಎಳೆದರು, ಕ್ಲಾವರ್ ಖಾಲಿ ಮಾಡಿದರು, ಆಟಿನ್ ಎಕ್ಕ ಹೊಡೆದು ಇನ್ನೊಂದು ಆಟಿನ್ ಎಲೆಯನ್ನು ಬಿಟ್ಟುಕೊಟ್ಟರು. ಸದಾಶಿವಯ್ಯ ಅದನ್ನು ರಾಜನಿಂದ ಹೊಡೆದು ಬೀಗಿದರು. ಬೀಗಿದ ಮೇಲೆ ನೋಡಿದರೆ, ಇಳಿಯಲು ಕೈಯಲ್ಲಿ ಡೈಮಂಡ್ ಬಿಟ್ಟು ಬೇರೆ ಗತಿಯಿಲ್ಲ. ಅದಕ್ಕೇ ಕಾದಿದ್ದ ಅಡವಿಯಪ್ಪ ನಗುತ್ತಾ ಆಟ ಮುಗಿಸಿದರು.

"ಎಕ್ಕ ಬಿದ್ದಾಗ್ಲೇ ರಾಜನ್ನ ಎಸ್ದಿದ್ರೆ ಮುಂದಿಂದು ನಾನ್ ಗೆಲ್ತಿದ್ದೆ. ನೀನ್ ಹಿಂಗ್ ಸಿಕ್ಕಾಕ್ಕೋತಾ ಇರ್ಲಿಲ್ಲ!" ಚನ್ನವೀರಯ್ಯ ಕೂಗಾಡಿದರು.

"ಕೈಲಿರೋ ರಾಜನ್ನ ಯಾವ್ ಪೆದ್ದ ಎಸೀತಾನೆ?" ಎಂದು ಸದಾಶಿವಯ್ಯ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

"ಒಂದಾಟ ಗೆದ್ದು ಭಾನುವಾರನೆಲ್ಲಾ ಸೋತೆ ಕಣೇ," ಎಂದು ಅಡವಿಯಪ್ಪ ಕೊನೆತನಕ ಪೇಚಾಡಿದರು.

*

ಶಕುಂತಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಮಗನನ್ನು ಹೂವು ತರಲು ಓಡಿಸಿದರು. ರೂಪಶ್ರೀಗೆ ಪೆಂಡಾಲಿನಲ್ಲಿ ಕಾಫಿ ಕೊಡಲು ಹೇಳಿದ್ದೇ ತಡ, ಉಳಿದವರೂ ಅವಳ ಹಿಂದೆ ಎದ್ದು ಹೋದರು. ಭಾವ ಚನ್ನವೀರಯ್ಯ ಮುಖಕ್ಕೆ ಅಡ್ಡ ಹಿಡಿದಿದ್ದ ಪೇಪರನ್ನು ಬಾಳೆಹಣ್ಣು ಇಡಲು ಬೇಕೆಂದು ಇಸಿದುಕೊಂಡರು. ಸದಾಶಿವಯ್ಯನ ಮೊಬೈಲನ್ನು ಚಾರ್ಜಿಗೆ ಹಾಕುವ ನೆಪದಲ್ಲಿ ಒಳಗೆ ಸಾಗಿಸಿದರು. ಇಬ್ಬರಿಗೂ ನೋಡಿಕೊಂಡು ಕೂರಲು ಎದುರುಬದುರು ಗೋಡೆಯಷ್ಟೇ ಉಳಿಯಿತು.

"ಭಾವಾರೇ," ಎಂದರು ಮೆಲ್ಲಗೆ. "ಅವತ್ತು ನೀವ್ ಹೇಳಿದ್ದೇ ಸರಿ. ರಾಜನ್ನ ಎಸೀಬೇಕಿತ್ತು. ನಿಮ್ ತಮ್ಮನೂ ಒಪ್ಕೊಂಡಿದ್ರು."

ಚನ್ನವೀರಯ್ಯನ ಎದೆ ಉಬ್ಬಿತು. "ಮತ್ತೆ! ರಾಣಿ ನನ್ ಹತ್ರ ಇತ್ತಲ್ಲಮ್ಮ!" ತಾನು ಗೆದ್ದದ್ದನ್ನು ಸದಾಶಿವಯ್ಯನಿಗೆ ಮುಟ್ಟಿಸಲು ಚನ್ನೇಶನನ್ನು ಹುಡುಕಿದರು, ಅವನಿಲ್ಲ. ಪೇಪರಿಗೆ ಕೈಚಾಚಿದರು, ಅದೂ ಇಲ್ಲ. ನಾಲಿಗೆ ತಡೆಯಲಿಲ್ಲ. "ಕೇಳಿಸ್ತೇನ್ಲಾ ಸದಾಶಿವ?"

"ಕೇಳಿಸ್ತು! ರಾಣಿ ನಿನ್ ಹತ್ರ ಐತೆ ಅಂತ ನಂಗೇನ್ ಕನಸು ಬಿದ್ದಿತ್ತಾ?"

"ನನ್ ಮುಖ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ನಿನ್ ಮುಖ ನೋಡ್ಕೊಂಡ್ ಆಡಿದ್ರೆ ಎಲ್ಲಾ ಆಟನೂ ಸೋಲ್ಬೇಕಾಗ್ತಿತ್ತು!"

ಆಸ್ತಿ ಜಗಳವೆಂದುಕೊಂಡು ಪೆಂಡಾಲಿನವರೆಲ್ಲ ಒಳಗೆ ನುಗ್ಗಿದರು. "ಏನ್ರಪ್ಪಾ ಇದು, ಲಿಂಗೈಕ್ಯರ ಮುಂದೆ?" ಎಂದು ಪೂಜೆಗೆ ಬಂದಿದ್ದ ಅಯ್ಯನವರು ಗದರಿದರು.

"ನೀವೇ ನ್ಯಾಯ ಹೇಳಿ ಸ್ವಾಮಿ, ರಾಜನ್ನ ಎಸೀತಾರಾ?" ಎಂದು ಕೇಳಿದ ಸದಾಶಿವಯ್ಯನಿಗೆ ತನ್ನ ಮಾತಿಗೆ ತನಗೇ ನಗು ಬಂತು. ಚನ್ನವೀರಯ್ಯನೂ ನಕ್ಕರು. ನಗುತ್ತ ನಗುತ್ತ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಅತ್ತರು.

"ಮೂರೇ ಜನ ಆಗೋದ್ವಲ್ಲೋ," ಎಂದರು ಸದಾಶಿವಯ್ಯ.

"ನಾನ್ ಕೂತ್ಕೊಳ್ಳಾ?" ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ರೂಪಶ್ರೀ ಕೇಳಿದಳು. "ಇಷ್ಟ್ ವರ್ಷ ನಿಮ್ ಹಿಂದೆ ನಿಂತು ಆಟ ನೋಡಿದೀನಿ."

"ರಾಜನ್ನ ಎಸೀತೀಯೇನಮ್ಮ?" ಚನ್ನವೀರಯ್ಯ ಕೇಳಿದರು.

"ಎಸೀತೀನಿ ದೊಡ್ಮಾವ."

ಹೂವು ಬಂತು. ಶವ ಕೂರಿಸಿದ ವಿಮಾನದ ಮುಂದಿನ ಎರಡು ತುದಿಗೆ ಇಬ್ಬರು ಮುದುಕರೂ ಹಟ ಹಿಡಿದು ಹೆಗಲು ಕೊಡಲು ನಿಂತರು. ರಾಜ, ರಾಣಿಯ ಮಾತು ಇನ್ನೂ ಮುಗಿದಿರಲಿಲ್ಲ. ಎತ್ತುವ ಮುಂಚೆ ಶಕುಂತಲಮ್ಮ ಗಂಡನ ಪಾದ ಮುಟ್ಟಲು ಬಾಗಿದರು.

"ನಿಮ್ಮಾಟನೇ ಆಡ್ದೆ ಕಣ್ರೀ, ದಾರಿ ಮುಚ್ಚಿ ಒಂದ್ ಸುತ್ತು ಬಿಟ್ಕೊಟ್ಟೆ," ಎಂದರು ಪಿಸುದನಿಯಲ್ಲಿ. ಆಮೇಲೆ ಬಿಲ್ವಪತ್ರೆಯ ಕೆಳಗೆ ಕೈ ತೂರಿಸಿ, ಇಸ್ಪೀಟು ಕಟ್ಟನ್ನು ಮೆಲ್ಲಗೆ ಎಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು.