ಬಾಗಿಲ ಹಿಂದಿನ ಬರ್ತಾ

ಸಿರಿಲ್ ಅವರ ಗಂಟಲಿನಲ್ಲಿ ಒಂದು ಇಡೀ ಬಸ್ಸು ಇತ್ತು. ಉಡುಪಿ–ಪಡುಬಿದ್ರಿ ರೂಟಿನಲ್ಲಿ ಕಂಡಕ್ಟರ್ ಆಗಿದ್ದಾಗ "ಕಾಪು, ಕಾಪು, ಉಚ್ಚಿಲ, ಪಡುಬಿದ್ರೀ" ಎಂದು ಕೂಗಿ ಕೂಗಿ ಪಳಗಿದ ಗಂಟಲದು. ಡ್ರೈವರ್ ಮುದ್ದಣ್ಣನ ಕೆಮ್ಮು, ಚಿಲ್ಲರೆಗೆ ಜಗಳ ತೆಗೆಯುವ ಮೀನಿನ ಹೆಂಗಸರು, ಸೀಟು ಸಿಗದೆ ಮುನಿಸಿಕೊಂಡ ಮೇಷ್ಟ್ರು ಎಲ್ಲರೂ ಅದರೊಳಗೆ ಹತ್ತಿ ಕುಳಿತಿದ್ದರು. ನಿವೃತ್ತಿಯಾಗಿ ಕೆಮ್ಮಣ್ಣು ಊರಿನ ಮನೆ ಸೇರಿದ ಮೇಲೆ ಅವರು ಹೆಚ್ಚಾಗಿ ಅನುಕರಿಸುತ್ತಿದ್ದದ್ದು ಹೆಂಡತಿ ಬರ್ತಾಳನ್ನು. ಅವಳು ಕೋಳಿಗಳನ್ನು ಕರೆದರೆ ಇವರು ಅಂಗಳದ ಆಚೆಯಿಂದ ಅದೇ ಸ್ವರದಲ್ಲಿ ಕರೆಯುವರು. ಕೋಳಿಗಳು ನಡುವೆ ನಿಂತು ತಲೆ ಓರೆ ಮಾಡುವವು.

"ನನ್ನ ಸ್ವರ ನನಗೇ ಬಿಡಿ ಮಾರಾಯ್ರೆ, ಇರುವುದು ಒಂದೇ," ಎಂದು ಬರ್ತಾ ಸಟ್ಟುಗ ತೋರಿಸುವಳು.

ಎರಡು ಸಾವಿರದ ಮೂರರ ಅಕ್ಟೋಬರಿನಲ್ಲಿ ಬರ್ತಾ ಸ್ಟಾಪು ಬರುವ ಮೊದಲೇ ಇಳಿದುಹೋದಳು. ಬೆಳಿಗ್ಗೆ ಎದೆ ಹಿಡಿದುಕೊಂಡವಳು ಮಧ್ಯಾಹ್ನಕ್ಕೆ ಇರಲಿಲ್ಲ. ಮಗ ಡ್ಯಾರಿಲ್ ದೋಹಾದಿಂದ ಬಂದು, ಮಣ್ಣು ಹಾಕಿ, ರಜೆ ಮುಗಿದು ಹೋದ. ಸೊಸೆ ವನೆಸ್ಸಾಳಿಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆಯ ಬಸ್ಸಿಗೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು. ಹಗಲಿಡೀ ಮನೆಯಲ್ಲಿ ಸಿರಿಲ್ ಮತ್ತು ಮೊಮ್ಮಗಳು ಜೊವಿಟಾ, ಇಬ್ಬರೇ. ಅವಳಿಗೆ ಮೂರು ತುಂಬಿರಲಿಲ್ಲ.

ಆ ಹಗಲುಗಳನ್ನು ಮೊದಲು ತುಂಬುತ್ತಿದ್ದವಳು ಬರ್ತಾ. ಬೆಂಡೆಕಾಯಿಯ ತೊಟ್ಟು ಕೊಯ್ದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒತ್ತಿಸುವಳು. ಒತ್ತಿದಲ್ಲೆಲ್ಲ ಐದೆಸಳಿನ ಹೂವು. ತೆಂಗಿನ ಗರಿಯಿಂದ ಗಾಳಿಗೆ ತಿರುಗುವ ಗಿರಿಗಟ್ಟೆ ಮಾಡಿಕೊಡುವಳು. ಚಪಾತಿ ಹಿಟ್ಟು ಉಳಿದರೆ, ಅದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಉಂಡೆ ಇಟ್ಟು, ಹೆಬ್ಬೆರಳಿನಿಂದ ಎಳೆದು ಸುರುಳಿ ಮಾಡುವುದನ್ನು ಕಲಿಸುವಳು. ಕ್ರಿಸ್ಮಸ್ಸಿಗೆ ಕರಿಯುವ ಕಿಡ್ಯೊ ಮಾಡುವುದು ಹೀಗೆಯೇ. ಕಿಡ್ಯೊ ಅಂದರೆ ಹುಳಗಳು. "ಹುಳ ತಿನ್ನಿಸಿಯೇ ನನ್ನನ್ನು ಸಾಕಿದೆ," ಎಂದು ಸಿರಿಲ್ ಕೆಣಕಿದರೆ ಅವಳು ಕಿವಿಗೆ ಹಾಕಿಕೊಳ್ಳದೆ ಮಗುವಿಗೆ ಹೇಳುವಳು: "ಒತ್ಬೇಡ ಮಗಾ, ಎಳಿ. ಮೆಲ್ಲ ಎಳಿ."

ಮಾಂಯ್, ಅಂದರೆ ಅಜ್ಜಿ, ದೇವರ ಹತ್ತಿರ ಹೋಗಿದ್ದಾಳೆ ಎಂದಾಗ ಜೊವಿಟಾ ತಲೆಯಾಡಿಸಿದ್ದಳು. ಉಡುಪಿಗೆ ಹೋದವರು ಬಸ್ಸಿನಲ್ಲಿ ತಿರುಗಿ ಬರುವುದಿಲ್ಲವೇ, ಹಾಗೆ ಅವಳೂ ಬರುತ್ತಾಳೆಂದು. ಬರುವುದು ತಡವಾಗುತ್ತಿದ್ದಂತೆ ಅವಳು ಉಣ್ಣುವುದನ್ನು ಬಿಟ್ಟಳು.

"ಮಾಂವ್, ಮಗುವಿನ ಕಾಲು ನೋಡಿ, ಕಡ್ಡಿ ಆಗಿದೆ," ಎಂದಳು ವನೆಸ್ಸಾ ಮಾವನಿಗೆ. "ಹೀಗೇ ಆದ್ರೆ ನಾನು ಕೆಲಸ ಬಿಡ್ಬೇಕಷ್ಟೆ."

ಮರುದಿನ ಮಧ್ಯಾಹ್ನ ಗಂಜಿಯ ಬಟ್ಟಲು ಆರುತ್ತಿತ್ತು. ಸಿರಿಲ್ ಉಪ್ಪಿನಕಾಯಿ ತರಲು ಅಡುಗೆಮನೆಗೆ ಹೋದರು. ಬಾಗಿಲ ಹಿಂದೆ ನಿಂತಾಗ ಏನನ್ನಿಸಿತೋ, ಗಂಟಲು ಸಣ್ಣ ಮಾಡಿ ಕೂಗಿದರು: "ಜೊವೀ, ಗಂಜಿ ಉಣ್ಣು. ಇಲ್ಲದಿದ್ರೆ ಕಾಗೆ ಬಂದು ತಿಂತದೆ!"

ಹೊರಗೆ ಚಮಚದ ಸದ್ದಾಯಿತು. ಬಂದು ನೋಡಿದರೆ ಬಟ್ಟಲು ಅರ್ಧ ಖಾಲಿ.

ಅಂದಿನಿಂದ ದಿನವೂ ಬರ್ತಾ ಬಾಗಿಲ ಹಿಂದಿನಿಂದ ಒಮ್ಮೆ ಕೂಗಿದಳು. ಮಗುವಿನ ಕೆನ್ನೆ ತುಂಬಿತು. "ಎಂತ ಮಂತ್ರ ಹಾಕಿದ್ರಿ ಮಾಂವ್?" ಎಂದು ವನೆಸ್ಸಾ ನಕ್ಕಾಗ ಸಿರಿಲ್ ಮೀಸೆ ತೀಡಿದರು. ಗುಟ್ಟು ಹೇಳದಿರಲು ಒಂದು ಕಾರಣವಿತ್ತು. ಆ ಒಂದು ಕೂಗಿಗಾಗಿ ಅವರೂ ಬೆಳಿಗ್ಗೆಯಿಂದ ಕಾಯುತ್ತಿದ್ದರು.

ಗುಟ್ಟು ಹಿಡಿದವಳು ಪಕ್ಕದ ಮನೆಯ ರತ್ನಾವತಿ. ಬೇಲಿಯ ಆಚೆ ಬಟ್ಟೆ ಒಣಗಿಸುತ್ತಿದ್ದವಳು ಓಡಿಬಂದು ಮೆಟ್ಟಿಲಲ್ಲಿ ಕುಸಿದಳು.

"ಬರ್ತಾಬಾಯಿಯವರ ಸ್ವರ ಕೇಳಿ ನನ್ನ ಮೈ ಜುಂ ಅಂತು, ಪೊರ್ಬುಗಳೇ! ಇದು ನಿಮ್ಮ ಕೆಲಸವಾ?" ಎಂದು ಸಿರಿಲರನ್ನು ಕೇಳಿದಳು.

"ಮಗು ಉಣ್ತದಲ್ವಾ?"

"ಉಣ್ಣಲಿಕ್ಕೆ ಉಣ್ತದೆ. ಆದ್ರೆ ಹೋದವರನ್ನು ಹೀಗೆ ಬಾಗಿಲ ಹಿಂದೆ ನಿಲ್ಲಿಸಿ ಇಡ್ಬಾರ್ದು. ಆ ಮಗು ಎಲ್ಲಿ ಕೂತುಕೊಳ್ತದೆ ಅಂತ ನೋಡಿದ್ದೀರಾ?"

"ರೈಟ್, ಹೋಗುವಾ ಹೋಗುವಾ," ಎಂದು ಸಿರಿಲ್ ಕಂಡಕ್ಟರನ ಸ್ವರದಲ್ಲಿ ಅವಳನ್ನು ಸಾಗಹಾಕಿದರು. ಆಮೇಲೆ ನೋಡಿದರು. ಜೊವಿಟಾ ಬಾಗಿಲಿಗೆ ಮುಖ ಮಾಡಿಯೇ ಆಡುತ್ತಿದ್ದಳು. ಬಾಗಿಲ ಹಿಂದಿನ ಅಕ್ಕಿಯ ಡಬ್ಬಿಯ ಸಂದಿಯಲ್ಲಿ ಒಣಗಿ ಕಲ್ಲಾದ ಹಿಟ್ಟಿನ ಸುರುಳಿಗಳ ಗುಡ್ಡೆ ಇತ್ತು. ಉಳಿದ ಚಪಾತಿ ಹಿಟ್ಟಿನಿಂದ ಜೊವಿಟಾ ತಾನೇ ಎಳೆದು, ಮಾಂಯ್‌ಗೆಂದು ತೆಗೆದಿಟ್ಟ ಪಾಲು. ಸಿರಿಲ್ ಡಬ್ಬಿಯನ್ನು ಮೊದಲಿನಂತೆಯೇ ಸರಿಸಿ ಇಟ್ಟರು. ನಾಳೆ ನಿಲ್ಲಿಸುತ್ತೇನೆ ಎಂದುಕೊಂಡರು.

ಆ ನಾಳೆ ಶುಕ್ರವಾರವಾಗಿತ್ತು, ಡ್ಯಾರಿಲ್‌ನ ಫೋನು ಬರುವ ದಿನ. ಚಾವಡಿಯಲ್ಲಿ ಮಾತಾಡಿ ರಿಸೀವರ್ ಇಟ್ಟು ಬಂದರೆ, ಜೊವಿಟಾ ಹೂವು ಒತ್ತುತ್ತಿದ್ದ ನೀಲಿಯ ಬಟ್ಟಲು ಮಗುಚಿ ಬಿದ್ದಿತ್ತು, ಅಡುಗೆಮನೆಯ ಹಿತ್ತಿಲ ಬಾಗಿಲು ತೆರೆದಿತ್ತು. ಮಗುವಿನ ಲೆಕ್ಕ ತಪ್ಪಾಗಿರಲಿಲ್ಲ. ಸ್ವರ ಬರುವುದು ಅಡುಗೆಮನೆಯಿಂದ, ಅಲ್ಲಿ ಮಾಂಯ್ ಇಲ್ಲ, ಹಾಗಾದರೆ ಅದರಾಚೆ ಇರಬೇಕು. ಅದರಾಚೆ ತೆಂಗಿನ ತೋಟ, ತೋಟ ಮುಗಿದಲ್ಲಿ ಹೊಳೆ.

ಸಿರಿಲ್ ಚಪ್ಪಲಿಯಿಲ್ಲದೆ ಓಡಿದರು. ಉಬ್ಬರದ ಹೊತ್ತು, ನೀರು ದೋಣಿ ಕಟ್ಟುವ ಕಲ್ಲಿನವರೆಗೆ ಏರಿತ್ತು. ಆ ಕಲ್ಲಿನ ಮೇಲೆ ಜೊವಿಟಾ, ಕೈಯಲ್ಲಿ ನೀಲಿ ಹೂವಿನ ಕಾಗದ.

"ಜೊವೀ!" ಎಂದು ಕೂಗಿದರು. ಬಸ್ಸು ನಿಲ್ಲಿಸುತ್ತಿದ್ದ ಗಂಟಲಿಗೆ ಮಗು ತಿರುಗಲಿಲ್ಲ. ಕೆಳಗಿನ ಕಲ್ಲಿಗೆ ಒಂದು ಕಾಲು ಇಳಿಸಿತು. ಆಗ ಆ ಗಂಟಲಿನಿಂದ ಬರ್ತಾ ತಾನಾಗಿಯೇ ಹೊರಟಳು.

"ಜೊವೀ, ಅಲ್ಲೇ ನಿಲ್ಲು ಮಗಾ. ಕಾಲು ತೆಗೀಬೇಡ."

ಮಗು ನಿಂತಿತು. ತಿರುಗಿತು. ಅಂಥ ಬೆಳಕು ತುಂಬಿದ ಮುಖವನ್ನು ಸಿರಿಲ್ ಯಾವ ಹಬ್ಬದಲ್ಲೂ ಕಂಡಿರಲಿಲ್ಲ. ಆದರೆ ಅದು ಅವರನ್ನು ನೋಡುತ್ತಿರಲಿಲ್ಲ. ಅವರ ಹೆಗಲಿನಾಚೆ, ತೆಂಗಿನ ಸಾಲಿನ ನಡುವೆ ಹುಡುಕುತ್ತಿತ್ತು. ಅವರು ಬಾಚಿ ಎತ್ತಿಕೊಂಡ ಮೇಲೂ ಕತ್ತು ಉದ್ದ ಮಾಡಿ ಹುಡುಕಿತು.

"ಆಬ್, ಮಾಂಯ್ ಎಲ್ಲಿ?" ಎಂದು ಅಜ್ಜನನ್ನು ಕೇಳಿತು.

ನೀರಿನಿಂದ ದೂರ, ತೆಂಗಿನ ಬುಡದಲ್ಲಿ ಸಿರಿಲ್ ಕುಳಿತರು. ಮಗುವನ್ನು ತೊಡೆಯ ಮೇಲೆ ಎದುರು ಕೂರಿಸಿಕೊಂಡರು.

"ನನ್ನ ಬಾಯಿ ನೋಡು ಮಗಾ. ಇಲ್ಲಿ, ನನ್ನ ಬಾಯಿ."

ಆಮೇಲೆ ಬರ್ತಾಳ ಸ್ವರದಲ್ಲಿ, ಬಾಗಿಲು ಯಾವುದೂ ಇಲ್ಲದೆ, ಹೇಳಿದರು: "ಜೊವೀ, ಗಂಜಿ ಉಣ್ಣು. ಇಲ್ಲದಿದ್ರೆ ಕಾಗೆ ಬಂದು ತಿಂತದೆ."

ಜೊವಿಟಾ ತುಟಿಗಳನ್ನು ನೋಡಿದಳು. ಹಿಂದೆ ತಿರುಗಿ ನೋಡಿದಳು. ಮತ್ತೆ ತುಟಿಗಳನ್ನು ನೋಡಿ, ನೀಲಿ ಹತ್ತಿದ ಬೆರಳನ್ನು ಅವರ ಬಾಯಿಯೊಳಗೆ ಹಾಕಿ ತಡಕಿದಳು. ಆಮೇಲೆ ಅಂಗೈ ಅಗಲಿಸಿ ಆ ಬಾಯಿಗೆ ಹೊಡೆದಳು. ಮತ್ತೆ ಹೊಡೆದಳು. ಸಿರಿಲ್ ಕೈ ಹಿಡಿಯಲಿಲ್ಲ. ಅಳು ಬರುವವರೆಗೆ ಹೊಡೆದು, ಅವರ ಅಂಗಿಯಲ್ಲೇ ಮುಖ ಹುದುಗಿಸಿದಳು.

ಸಂಜೆ ವನೆಸ್ಸಾಳಿಗೆ ಎಲ್ಲವನ್ನೂ ಹೇಳಿದರು. ಅವಳು ಬೈಯುತ್ತಾಳೆಂದು ಕಾದರು. ಅವಳು ಅಕ್ಕಿಯ ಡಬ್ಬಿ ಸರಿಸಿ, ಒಣಗಿದ ಸುರುಳಿಗಳನ್ನು ಮಡಿಲಿಗೆ ತುಂಬಿಕೊಂಡು ಅಲ್ಲೇ ಕುಳಿತಳು.

"‘ಮಾಂಯ್ ಅಡುಗೆಮನೆಯಲ್ಲಿ ಇದ್ದಾಳೆ’ ಅಂತ ನನಗೂ ಹೇಳ್ತಿತ್ತು ಮಾಂವ್. ಮಗುವಿನ ಮಾತು ಅಂತ ಬಿಟ್ಟೆ." ಒಂದು ಸುರುಳಿಯ ಧೂಳು ಒರೆಸಿ, "ಇನ್ನು ಮಾಡ್ಬೇಡಿ," ಎಂದಳು.

ಮರುದಿನ ಗಂಜಿ ಬಡಿಸಿದಾಗ ಜೊವಿಟಾ ಬಾಗಿಲು ನೋಡಲಿಲ್ಲ, ಬಟ್ಟಲನ್ನೂ ನೋಡಲಿಲ್ಲ. ಸಿರಿಲರ ಬಾಯಿಯನ್ನೇ ನೋಡುತ್ತಾ ಕುಳಿತಳು.

"ಉಣ್ಣು ಮಗಾ," ಎಂದರು ಸಿರಿಲ್. ಬೇರೆ ಯಾರದ್ದೂ ಅಲ್ಲದ ಆ ಒಡಕು ಸ್ವರ ಅವರಿಗೇ ಹೊಸತೆನಿಸಿತು.

ಅವಳು ಉಣ್ಣಲಿಲ್ಲ. ಸಿರಿಲ್ ಬೇಡಿಕೊಳ್ಳಲಿಲ್ಲ. ಎದ್ದುಹೋಗಿ ಒಂದಿಷ್ಟು ಹಿಟ್ಟು ಕಲಸಿ ತಂದು, ಬಾಚಣಿಗೆ ಹಿಡಿದು ಕುಳಿತರು. ಜನ್ಮದಲ್ಲಿ ಮೊದಲ ಸಲ. ಹೆಬ್ಬೆರಳು ದಪ್ಪ, ಹಿಟ್ಟು ಹಲ್ಲುಗಳ ನಡುವೆ ಸಿಕ್ಕಿ ಮುದ್ದೆಯಾಯಿತು. ಇನ್ನೊಂದು ಇಟ್ಟರು, ಅದೂ ಹಾಗೇ. ಜೊವಿಟಾ ಬಹಳ ಹೊತ್ತು ನೋಡಿದಳು. ಕೊನೆಗೆ ಅಂಡೂರಿಕೊಂಡೇ ಹತ್ತಿರ ಸರಿದು ಬಾಚಣಿಗೆ ಕಸಿದುಕೊಂಡಳು.

"ಒತ್ಬೇಡ ಮಗಾ," ಎಂದಳು, ಹುಬ್ಬು ಗಂಟಿಕ್ಕಿ. "ಎಳಿ. ಮೆಲ್ಲ ಎಳಿ."

ಸಿರಿಲ್ ಹೆಬ್ಬೆರಳು ಚಾಚಿದರು. ಗಂಜಿ ಪಕ್ಕದಲ್ಲಿ ಆರುತ್ತಿತ್ತು. ಆರಲಿ, ಮತ್ತೆ ಬಿಸಿ ಮಾಡಿದರಾಯಿತು.