ಮಾರುಕಟ್ಟೆಯ ಹೆಂಗಸರು ಕೇಳಿದ್ದು

ಅಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಹೆಂಗಸರಿಗೊಂದು ಶೌಚಾಲಯವಿರಲಿಲ್ಲ. ಅದನ್ನು ಕೇಳಲೆಂದೇ ತರಕಾರಿ ಮಾರುವ ಅತ್ತೆ-ಸೊಸೆ, ಮೀನಿನಂಗಡಿಯವಳು, ಇನ್ನೂ ಕೆಲವರು ಆ ಬೆಳಿಗ್ಗೆ ನಗರಸಭೆಗೆ ಬಂದಿದ್ದರು.

ಎಲ್ಲರ ಪರವಾಗಿ ಮಾತಾಡಬೇಕಾದವಳು ಅತ್ತೆ. ಮಾರುಕಟ್ಟೆಯಲ್ಲಿ ಅವಳಿಗೆ 'ಪಟಾಕಿ' ಅಂತಲೇ ಹೆಸರು. ಚೌಕಾಸಿಗೆ ಬಂದವರು ಅವಳ ಬಾಯಿಗೆ ಹೆದರಿ ಪಕ್ಕದಂಗಡಿಗೆ ಜಾರಿಕೊಳ್ಳುತ್ತಿದ್ದರು. ಮನೆಯಲ್ಲಿ ಸೊಸೆಗೂ ಆ ಬಾಯಿಂದ ಬೈಗುಳ ಸಾಕಷ್ಟು ಸಿಕ್ಕಿತ್ತು.

ಸಭಾಂಗಣದೊಳಗೆ ಕಾಲಿಟ್ಟ ಸೊಸೆ ಕತ್ತೆತ್ತಿ ನಿಂತೇಬಿಟ್ಟಳು. ಚಾವಣಿ ಎಷ್ಟು ಎತ್ತರವೆಂದರೆ ಅಲ್ಲೊಂದು ಪಾರಿವಾಳ ಆರಾಮಾಗಿ ಹಾರಾಡುತ್ತಿತ್ತು. ಅರ್ಧಚಂದ್ರಾಕಾರದಲ್ಲಿ ಜೋಡಿಸಿದ ಹೊಳೆಯುವ ಮೇಜುಗಳು, ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಮೈಕು. ಇಲ್ಲಿ ಕೆಮ್ಮಿದರೂ ಊರಿಗೆಲ್ಲ ಕೇಳಿಸೀತು ಅಂದುಕೊಂಡಳು.

ಜವಾನ ಹೆಂಗಸರೆಲ್ಲರ ಎದುರೂ ನೀರಿನ ಲೋಟ ಇಟ್ಟ.

"ಕುಡೀರಿ, ಗಾಬರಿ ಬೇಡ," ಅಂದರು ಅಧ್ಯಕ್ಷರು.

ಯಾರೂ ಮುಟ್ಟಲಿಲ್ಲ.

"ಯಾಕಮ್ಮ, ನೀರು ಸರಿಯಿಲ್ವಾ?"

ಅತ್ತೆ ಎದ್ದಳು. "ಸರಿಯಾಗೇ ಇದೆ ಸ್ವಾಮಿ. ನಾವಿಲ್ಲಿಂದ ಸೀದಾ ಅಂಗಡಿಗೆ ಹೋಗ್ಬೇಕು. ಈಗ ಕುಡಿದ್ರೆ ಸಂಜೆವರೆಗೆ ಎಲ್ಲಿಗೆ ಹೋಗೋಣ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅತ್ತೆ ಅತ್ತ ತಿರುಗಲೇ ಇಲ್ಲ. ಪಟಾಕಿಯ ಸದ್ದೂ ಮಾಡಲಿಲ್ಲ.

"ನನ್ನ ಸೊಸೆ ಬಸುರೀಲಿ ದಿನವಿಡೀ ಬಾಯಿ ಒಣಗಿಸ್ಕೊಂಡು ಕೂತಿರ್ತಿದ್ಲು. ಸೋಂಕು ತಗುಲಿ, ಜ್ವರ ಏರಿ ಆಸ್ಪತ್ರೆ ಸೇರಿದ್ಲು. ಮಗು ಉಳೀತು, ನಮ್ಮ ಪುಣ್ಯ. ಊರಿಗೆಲ್ಲ ಬೈಯೋ ನಾನು, ಅವತ್ತು ಆಸ್ಪತ್ರೆ ಬಾಗಿಲಾಚೆ ಯಾರಿಗೆ ಬೈಬೇಕು ಅಂತ ಗೊತ್ತಾಗ್ದೆ ಬೆಳಗಾಗೋವರೆಗೂ ಸುಮ್ನೆ ಕೂತಿದ್ದೆ."

ಸೊಸೆ ಥಟ್ಟನೆ ಅತ್ತೆಯ ಕಡೆ ತಿರುಗಿದಳು. ಬಾಗಿಲಾಚೆ ಅತ್ತೆ ಹಾಗೆ ಕೂತಿದ್ದಳೇ? ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದರೂ ಅದು ಅವಳಿಗೆ ತಿಳಿದಿರಲಿಲ್ಲ.

ದಪ್ಪ ಮೀಸೆಯ ಸದಸ್ಯರೊಬ್ಬರು ಮೈಕು ಹತ್ತಿರಕ್ಕೆ ಎಳೆದುಕೊಂಡರು. "ಎಲ್ಲಾ ಸರಿ, ಆದ್ರೆ ಜಾಗ ಎಲ್ಲಿದೆ?"

"ಮಾರುಕಟ್ಟೆ ಗೇಟಿನ ಪಕ್ಕ ನಿಮ್ಮ ಕಾರು ನಿಲ್ಲುತ್ತಲ್ಲ, ಅಲ್ಲೇ!" ಅಂದಳು ಮೀನಿನಂಗಡಿಯವಳು.

ಇಡೀ ಸಭೆ ಗೊಳ್ಳೆಂದಿತು. ಮೀಸೆಯವರೂ ನಕ್ಕರು, ಕಷ್ಟಪಟ್ಟು.

"ಒಪ್ಪುವವರು ಕೈ ಎತ್ತಿ," ಅಂದರು ಅಧ್ಯಕ್ಷರು. ಒಂದು ಕೈ ಎದ್ದಿತು. ಆಮೇಲೆ ಅಲ್ಲೊಂದು, ಇಲ್ಲೊಂದು. ನೋಡನೋಡುತ್ತ ಸಾಲಿಗೆ ಸಾಲೇ ಎದ್ದಿತು, ತಡವಾಗಿ ಮೀಸೆಯವರದ್ದೂ. ಚುನಾವಣೆಯಲ್ಲಿ ಜೀಪಿನ ಮೇಲಿಂದ ಬೀಸುತ್ತಿದ್ದ ಕೈಗಳನ್ನಷ್ಟೇ ಕಂಡಿದ್ದ ಸೊಸೆ, ತಮಗೋಸ್ಕರ ಎದ್ದು ನಿಂತ ಆ ಕೈಗಳನ್ನು ರೆಪ್ಪೆ ಬಡಿಯದೆ ನೋಡಿದಳು.

ಗೇಟಿನ ಪಕ್ಕ ಶೌಚಾಲಯದ ಗೋಡೆ ಏಳಲು ತಿಂಗಳುಗಟ್ಟಲೆ ಹಿಡಿಯಿತು, ಅದಕ್ಕಾಗಿ ಇನ್ನೆರಡು ಸಲ ನಗರಸಭೆಗೆ ಅಲೆಯಬೇಕಾಯಿತು. ಆದರೆ ಎದ್ದಿತು.

ಸಭೆಯ ಆ ದಿನ ಹೊರಗೆ ಬಂದವಳೇ ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೊಸೆ ಎದುರು ನಿಂತು, ಯಾರೋ ಹೊಸಬರನ್ನು ಕಂಡಂತೆ ನೋಡುತ್ತಲೇ ಇದ್ದಳು.

"ಏನೇ ಹಾಗೆ ನೋಡ್ತೀಯ?" ಗದರಿದಳು ಅತ್ತೆ. "ಸೊಪ್ಪು ಬಾಡಿಹೋಗುತ್ತೆ, ಕೈ ಕೊಟ್ಟು ಎಬ್ಬಿಸು."