ಅತ್ತೆಯ ಸೀಟು

ಲಾರಿ ಕೆಟ್ಟಿತ್ತು ಎನ್ನುವಂತಿರಲಿಲ್ಲ. ಸಿಮೆಂಟು, ಬೀರು, ಮಂಚ, ಏನು ಹೇರಿದರೂ ಕಮಕ್ ಕಿಮಕ್ ಎನ್ನದೆ ಎಳೆಯುತ್ತಿತ್ತು. ಡ್ರೈವರನ ಅತ್ತೆ ಹತ್ತಿ ಕೂತರೆ ಮಾತ್ರ ದಾರಿಯಲ್ಲಿ ಎಲ್ಲೋ ಒಂದು ಕಡೆ ದೀಪ, ಹಾರನ್ನು, ಇಂಜಿನ್ನು ಎಲ್ಲವೂ ಒಟ್ಟಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದವು.

ಮೊದಲ ಸಲ ಸೇತುವೆಯ ಮೇಲೆ, ಆಮೇಲೆ ರೈಲ್ವೆ ಗೇಟಿನ ಹತ್ತಿರ. ಮೂರನೆಯ ಸಲವಂತೂ ಅತ್ತೆಯ ಬೀದಿಯ ತಿರುವಿನಲ್ಲೇ. ಹೆರಿಗೆಗೆ ದಿನ ಎಣಿಸುತ್ತಿದ್ದ ಮಗಳ ಮನೆಗೆ ಹೊರಟಿದ್ದ ಅತ್ತೆ, ಬ್ಯಾಗು ಎತ್ತಿಕೊಂಡು ಇಳಿದೇಬಿಟ್ಟರು.

“ನೀವು ಹೊರಡಿ ಅಳಿಯಂದ್ರೇ. ನನ್ನ ಕಾಲ್ಗುಣ ಸರಿಯಿಲ್ಲ. ನಿಮ್ಮ ಮಾವನೋರೂ ಹೀಗೇ, ನಾನು ಪಕ್ಕದಲ್ಲಿ ಕೂತಿದ್ದಾಗಲೇ ನಿಂತುಹೋದ್ರು.”

“ಬಸ್ಸಲ್ಲಾದ್ರೂ ಬನ್ನಿ ಅತ್ತೆ.”

“ಬೇಡಪ್ಪ. ಅಷ್ಟು ಜನರನ್ನ ನಡುದಾರೀಲಿ ಇಳಿಸೋ ಪಾಪ ನನಗ್ಯಾಕೆ?”

ಡ್ರೈವರ್, ಅತ್ತೆ ಕೂತಿದ್ದ ಸೀಟನ್ನು ಮುಂದಕ್ಕೆ ತಳ್ಳಿ, ಅದರ ಹಿಂದೆ ತುರುಕಿದ್ದ ರಿಪೇರಿ ಸಾಮಾನಿನ ಚೀಲ ತೆಗೆದ. ಸುಮ್ಮನೆ ಒಮ್ಮೆ ಕೀ ತಿರುಗಿಸಿ ನೋಡಿದ. ಲಾರಿ ದೊಡ್ಡ ಮರ್ಯಾದಸ್ಥನ ಹಾಗೆ ಸ್ಟಾರ್ಟ್ ಆಯಿತು. ಅತ್ತೆ ಆ ಸದ್ದು ಕೇಳಿದರು, ತಿರುಗಿ ನೋಡಲಿಲ್ಲ. ಅವನಿಗೆ ಲಾರಿಯನ್ನು ಒದೆಯಬೇಕೆನಿಸಿತು.

ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. “ಅಮ್ಮ ಇಲ್ದೇ ಇದ್ರೆ ನಂಗೆ ಭಯ ಆಗುತ್ತೆ” ಎಂದಳು, ಅಷ್ಟೇ. ಜಗಳವಾಡಿದ್ದರೇ ವಾಸಿಯಿತ್ತು.

ಮರುದಿನ ಅವನು ಲಾರಿಯನ್ನು ಆಟೋ ಎಲೆಕ್ಟ್ರಿಷಿಯನ್ ಮುಂದೆ ನಿಲ್ಲಿಸಿದ. ಸದಾ ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದ ಆತನನ್ನು ಎಲ್ಲರೂ ಟೆಸ್ಟರಣ್ಣ ಎನ್ನುತ್ತಿದ್ದರು. ಆತ ಬ್ಯಾಟರಿ ನೋಡಿದ, ಆಲ್ಟರ್ನೇಟರ್ ನೋಡಿದ, ಫ್ಯೂಸುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ. ಪಕ್ಕದಲ್ಲಿ ಕೂತು ಊರೆಲ್ಲ ಸುತ್ತಿದ. ಲಾರಿ ಎಲ್ಲೂ ನಿಲ್ಲಲಿಲ್ಲ.

“ನಿಮ್ಮತ್ತೆ ಬಂದಾಗ ಏನೇನು ಮಾಡ್ತೀಯೋ ಎಲ್ಲಾ ಮಾಡು. ನಾನೇ ನಿಮ್ಮತ್ತೆ ಅಂದ್ಕೊ” ಎಂದ ಟೆಸ್ಟರಣ್ಣ, ಕೆಳಗಿಳಿದು ನಿಂತು.

ಡ್ರೈವರ್ ಅತ್ತ ಇತ್ತ ನೋಡಿದ. ಬಾಗಿಲು ತೆಗೆದ. ಸೀಟಿನ ಧೂಳು ಕೊಡವಿ ಟವೆಲ್ ಹಾಸಿದ.

“ಬನ್ನಿ ಅತ್ತೆ. ನಿಧಾನ.”

ಗ್ರೀಸು ಮೆತ್ತಿದ ಅತ್ತೆ ಹತ್ತಿ ಕೂತರು. ಮಂಡಿ ನೋವಿನ ನಿಜವಾದ ಅತ್ತೆಗೆ ಮಾಡುವಂತೆಯೇ, ಕಾಲು ಚಾಚಿಕೊಳ್ಳಲೆಂದು ಡ್ರೈವರ್ ಸಾಮಾನಿನ ಚೀಲವನ್ನು ಹಿಂದಿನ ಮೂಲೆಗೆ ತುರುಕಿ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದ. ಬೇರೆ ಯಾರು ಕೂತರೂ ಅವನು ಇಷ್ಟು ಉಪಚಾರ ಮಾಡಿದವನಲ್ಲ.

ಬೀದಿಯ ಮೊದಲ ರೋಡ್ ಹಂಪ್ ಹತ್ತಿಳಿಯುತ್ತಲೇ ಲಾರಿ ಜೀವ ಬಿಟ್ಟಿತು.

ಟೆಸ್ಟರಣ್ಣ ಸೀಟಿನಡಿ ತಲೆ ತೂರಿಸಿದ. ಬ್ಯಾಟರಿಯಿಂದ ಬಂದ ದಪ್ಪ ಅರ್ಥ್ ವೈರನ್ನು ಅಲ್ಲೇ ಬೋಲ್ಟು ಹಾಕಿ ಬಿಗಿದಿದ್ದರು. ಅದರ ತುದಿ ಬಿರುಕು ಬಿಟ್ಟಿತ್ತು. ಸೀಟು ಹಿಂದೆ ಹೋದಾಗಲೆಲ್ಲ ಅದರ ಕಾಲು ವೈರನ್ನು ಒತ್ತುತ್ತಿತ್ತು, ಲಾರಿ ಕುಲುಕಿದರೆ ಬಿರುಕು ಬಾಯಿಬಿಟ್ಟು ಇಡೀ ಲಾರಿಯ ಕರೆಂಟು ಕಡಿದುಹೋಗುತ್ತಿತ್ತು.

“ನೀನು ಅತ್ತೆಗೆ ಕೊಡೋ ಮರ್ಯಾದೆನೇ ಜಾಸ್ತಿ ಆಗಿದೆ ಕಣಪ್ಪಾ” ಎಂದು ಆತ ಹೊಸ ವೈರನ್ನು ಸೀಟಿಗೆ ತಾಗದಂತೆ ಬೇರೆ ಕಡೆಯಿಂದ ಎಳೆದ.

ಸಂಜೆ ಡ್ರೈವರ್ ಹಳೆಯ ವೈರಿನ ತುಂಡನ್ನು ಅತ್ತೆಯ ಕೈಗೆ ಕೊಟ್ಟು ಎಲ್ಲ ವಿವರಿಸಿದ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗಳಿಗೆ ಭಯವಂತೆ ಎಂದು ಅವನು ಹೇಳಿದ ಮೇಲೆ ಬ್ಯಾಗು ತಂದರು.

ಅವನು ಟವೆಲ್ ಹಾಸಿದ, ಸೀಟು ಹಿಂದಕ್ಕೆ ಸರಿಸಿದ. ಬೀದಿಯ ತಿರುವು ದಾಟಿತು, ರೈಲ್ವೆ ಗೇಟು ದಾಟಿತು. ಸೇತುವೆ ಬಂದಾಗ ಅವನು ಓರೆಗಣ್ಣಿನಲ್ಲಿ ನೋಡಿದ. ಅತ್ತೆ ಬ್ಯಾಗು ಅವುಚಿಕೊಂಡು, ಎರಡೂ ಪಾದಗಳನ್ನು ಲಾರಿಯ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದರು. ಮಂಡಿ ನಡುಗುತ್ತಿತ್ತು. ಮನೆಯಿಂದ ಇಲ್ಲಿಯವರೆಗೂ ಹೀಗೇ ಬಂದರೇನೋ.

“ಕಾಲು ಕೆಳಗಿಡಿ ಅತ್ತೆ.”

“ಸೇತುವೆ ದಾಟಲಿ.”

ಅವನು ಸೇತುವೆಯ ನಟ್ಟನಡುವೆ ಬ್ರೇಕ್ ಹಾಕಿದ. ಹಿಂದೆ ಹಾರನ್ನುಗಳು ಶುರುವಾದವು. ಇಂಜಿನ್ ಓಡುತ್ತಲೇ ಇತ್ತು.

“ನೀವು ಕಾಲಿಟ್ಟ ಮೇಲೇ ಹೊರಡೋದು.”

ಅತ್ತೆ ಒಂದು ಪಾದ ಇಳಿಸಿದರು. ಡ್ಯಾಶ್‌ಬೋರ್ಡಿನ ದೀಪ ನೋಡಿದರು. ಇನ್ನೊಂದನ್ನೂ ಇಳಿಸಿ, ನಿಧಾನವಾಗಿ ಊರಿದರು.

“ಹೊರಡಿ ಅಳಿಯಂದ್ರೇ” ಎಂದರು, “ಪಾಪ, ಜನ ಕಾಯ್ತಿದಾರೆ.”